ಮಡಕೆಯೊಳಗಿನ ಮರಳು

ಹಾವು ಸಾಕುವ ಅಮೆರಿಕದ ಹವ್ಯಾಸಿಗಳು ಗೂಡಿನ ತಳಕ್ಕೆ ಏನು ಹಾಸಬೇಕೆಂದು ಬಹಳ ತಲೆ ಕೆಡಿಸಿಕೊಳ್ಳುತ್ತಾರೆ: ಹಳೆಯ ಪತ್ರಿಕೆಯೋ, ಆಸ್ಪೆನ್ ಮರದ ಹೊಟ್ಟೋ, ತೆಂಗಿನ ನಾರಿನ ಪುಡಿಯೋ? ‘ಸಬ್‌ಸ್ಟ್ರೇಟ್’ ಎಂಬ ಭಾರದ ಪದ ಅವರದು. ನಮಗೆ ‘ಹಾಸು’ ಸಾಕು.

ಮಾಮಲ್ಲಪುರಂ ಬಳಿಯ ವಡನೆಮ್ಮೇಲಿಯಲ್ಲಿ ಇರುಳರ ಹಾಸು ಮರಳು. ಅವರು ಹಾವು ಹಿಡಿಯುವುದರಲ್ಲಿ ನಿಪುಣರು. ಒಂದು ಕಾಲಕ್ಕೆ ತೊಗಲಿನ ವ್ಯಾಪಾರವೇ ಜೀವನ. ತೊಗಲಿಗೆಂದು ಹಿಡಿದ ಹಾವಿಗೆ ಹಾಸು ಯಾಕೆ ಬೇಕು? 1972ರ ವನ್ಯಜೀವಿ ಕಾಯ್ದೆಯ ನಂತರ, ಆ ದಶಕದಲ್ಲೇ, ತೊಗಲಿನ ದಂಧೆ ನಿಂತಿತು. ಹೊಟ್ಟೆಪಾಡು ಹೋಯಿತು. 1978ರಲ್ಲಿ ರೋಮುಲಸ್ ವಿಟೇಕರ್ ನೆರವಿನಿಂದ ಇರುಳರ ಸಹಕಾರ ಸಂಘ ಹುಟ್ಟಿತು. ಪ್ರತಿವಿಷ ತಯಾರಕರಿಗೆ ವಿಷ ಮಾರುವುದು ಅದರ ಕಸುಬು. ಅಂದರೆ ಹಾವು ಬದುಕಿರಬೇಕು, ಅದೂ ವಾರಗಟ್ಟಲೆ. ಹಾಸಿನ ಪ್ರಶ್ನೆ ಬಂದದ್ದು ಆಗ.

ಮಣ್ಣಿನ ಮಡಕೆ, ಒಳಗೆ ಮರಳು, ಬಾಯಿಗೆ ಬಿಗಿದ ಹತ್ತಿ ಬಟ್ಟೆ. ಬಟ್ಟೆಯಲ್ಲಿ ಗಾಳಿಯಾಡುತ್ತದೆ, ಸುಟ್ಟ ಮಣ್ಣಿನ ಗೋಡೆ ಕರಾವಳಿಯ ಸೆಕೆಯನ್ನು ತಡೆಯುತ್ತದೆ, ಒಳಗಿನ ಕತ್ತಲಲ್ಲಿ ನಾಗರವೂ ಮಂಡಲವೂ ಬಿಲದಲ್ಲಿರುವಂತೆ ಸುಮ್ಮನಿರುತ್ತವೆ. ಮರಳು ಹೊಲಸಾದರೆ ಸುರಿದು ಬೇರೆ ತುಂಬಿದರಾಯಿತು. ಗಾಜಿನ ಪೆಟ್ಟಿಗೆಯಂತೆ ನೋಡುಗರಿಗಾಗಿ ಮಾಡಿದ್ದಲ್ಲ ಇದು. ನನಗೆ ಇದೇ ಹೆಚ್ಚು ಮರ್ಯಾದೆಯದೆನಿಸುತ್ತದೆ.

ಹವ್ಯಾಸಿಗಳು ಮರಳನ್ನು ನಂಬುವುದಿಲ್ಲ. ಇಲಿಯ ಜೊತೆ ಹೊಟ್ಟೆಗೆ ಹೋದೀತೆಂಬ ಭಯ. ಗಾಜಿನೊಳಗೆ ಹದಿನೈದು-ಇಪ್ಪತ್ತು ವರ್ಷ ಬಾಳಬೇಕಾದ ಹಾವಿನ ಮಟ್ಟಿಗೆ ಅದು ಸರಿಯೇ. ಮಡಕೆಯ ಹಾವು ಮೂರು-ನಾಲ್ಕು ವಾರದ ಅತಿಥಿ. ಕೆಲವು ಸಲ ವಿಷ ತೆಗೆದು, ಹೊಟ್ಟೆಯ ಹುರುಪೆಯ ಅಂಚನ್ನು ಗುರುತಿಗೆಂದು ಕತ್ತರಿಸಿ, ಕಾಡಿಗೆ ಬಿಡುತ್ತಾರೆ. ಮತ್ತೆ ಬೇಗ ಸಿಕ್ಕಿಬಿದ್ದರೆ ಆ ಗುರುತು ನೋಡಿ ಅಲ್ಲೇ ಬಿಟ್ಟುಬಿಡಬಹುದು.