ಆಸ್ಟ್ರೇಲಿಯಾದ ಮೂಲನಿವಾಸಿಗಳ ಆಧ್ಯಾತ್ಮಿಕತೆ: ಕೆಲವು ಪದಗಳ ಪರಿಚಯ

ನಮ್ಮ ಕರಾವಳಿಯ ಅನೇಕ ಕುಟುಂಬಗಳ ಮಕ್ಕಳು ಇಂದು ಮೆಲ್ಬರ್ನ್, ಸಿಡ್ನಿ, ಪರ್ತ್ ನಗರಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ಹೋದ ತಂದೆತಾಯಂದಿರು ಅಲ್ಲಿನ ಚರ್ಚುಗಳಲ್ಲಿ, ಸಭೆ ಸಮಾರಂಭಗಳಲ್ಲಿ ಮೂಲನಿವಾಸಿಗಳಿಗೆ ಸಂಬಂಧಿಸಿದ ಕೆಲವು ಪದಗಳನ್ನು ಕೇಳಿರಬಹುದು. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ವಿವರಿಸಲಾಗಿದೆ. ಮೂಲನಿವಾಸಿಗಳೆಂದರೆ ಒಂದೇ ಜನಾಂಗವಲ್ಲ. 1788ರಲ್ಲಿ ಬ್ರಿಟಿಷರು ನೆಲೆಯೂರಿದಾಗ ಅಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಹೀಗಾಗಿ ಒಂದು ಪ್ರದೇಶದ ಮಾತು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ.

'ಡ್ರೀಮಿಂಗ್' ಎಂಬುದು ಎಲ್ಲರೂ ಕೇಳಿದ, ಹೆಚ್ಚಿನವರು ತಪ್ಪಾಗಿ ತಿಳಿದಿರುವ ಪದ. ನಿದ್ದೆಯಲ್ಲಿ ಕಾಣುವ ಕನಸು ಇದಲ್ಲ. ಮಧ್ಯ ಆಸ್ಟ್ರೇಲಿಯಾದ ಅರೆಂಟೆ ಜನರ ಪದವೊಂದನ್ನು ಸ್ಪೆನ್ಸರ್ ಮತ್ತು ಗಿಲ್ಲೆನ್ ಎಂಬವರು 19ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ತಂದದ್ದರಿಂದ ಈ ಹೆಸರು ಬಳಕೆಗೆ ಬಂತು. ಪಿಟ್ಜಂಜಾಜಾರ ಜನರು 'ಚುಕುರ್ಪ' ಎನ್ನುತ್ತಾರೆ. ಪೂರ್ವಜ ಶಕ್ತಿಗಳು ನೆಲವನ್ನು ರೂಪಿಸಿದ ಕಥೆ, ಬದುಕಿನ ಕಟ್ಟಳೆ, ಬಂಧುತ್ವದ ನಿಯಮ ಎಲ್ಲವೂ ಅದರಲ್ಲಿ ಸೇರಿವೆ. ಅದು ಮುಗಿದುಹೋದ ಕಾಲವಲ್ಲ, ಇಂದಿಗೂ ನಡೆಯುತ್ತಿರುವುದು. ಇದನ್ನು ಹೇಳಲು ಮಾನವಶಾಸ್ತ್ರಜ್ಞ ಸ್ಟಾನರ್ 1950ರ ದಶಕದಲ್ಲಿ 'ಎವ್ರಿವೆನ್' ಎಂಬ ಹೊಸ ಪದವನ್ನೇ ಬಳಸಿದರು.

'ಕಂಟ್ರಿ' ಎಂದರೆ ದೇಶವೂ ಅಲ್ಲ, ಆಸ್ತಿಯೂ ಅಲ್ಲ. ನೆಲ, ನೀರು, ಪ್ರಾಣಿ, ಪೂರ್ವಜರು ಸೇರಿದ ಜೀವಂತ ನೆಲೆ ಅದು. ಮನುಷ್ಯನೇ ಅದಕ್ಕೆ ಸೇರಿದವನು. ಪೂರ್ವಜರು ನಡೆದ ದಾರಿಗಳನ್ನು ಹಾಡಿನಲ್ಲಿ ಉಳಿಸಿಕೊಂಡದ್ದೇ 'ಸಾಂಗ್‌ಲೈನ್'. ನೀರಿನ ಗುಂಡಿ, ಬಂಡೆ, ತಿರುವುಗಳೆಲ್ಲ ಹಾಡಿನಲ್ಲಿರುವುದರಿಂದ ಅದು ದಾರಿ ತೋರಿಸುವ ನಕ್ಷೆಯೂ ಹೌದು. ಉಲುರು ಬಂಡೆಯ ಹತ್ತುವ ದಾರಿಯೂ ಪೂರ್ವಜರ ಪವಿತ್ರ ಹಾದಿಯೆಂದು ಅನಂಗು ಜನರು ಬಹುಕಾಲ ಹೇಳುತ್ತ ಬಂದರು. 2019ರ ಅಕ್ಟೋಬರ್ 26ರಂದು ಪ್ರವಾಸಿಗರು ಹತ್ತುವುದನ್ನು ನಿಲ್ಲಿಸಲಾಯಿತು. ಸಭೆಯ ಆರಂಭದ 'ವೆಲ್‌ಕಮ್ ಟು ಕಂಟ್ರಿ'ಯನ್ನು ಆ ನೆಲದ ಹಿರಿಯರು ಮಾತ್ರ ನಡೆಸಬಲ್ಲರು. ಬೇರೆಯವರು ಮಾಡುವುದು ಸ್ಮರಣೆ ಮಾತ್ರ, ಸ್ವಾಗತವಲ್ಲ.

'ಟೆರ್ರಾ ನುಲ್ಲಿಯಸ್' ಲ್ಯಾಟಿನ್ ಮಾತು: ಯಾರಿಗೂ ಸೇರದ ನೆಲ. ಜನರಿದ್ದ ಭೂಮಿಯನ್ನು ಬರಿದೆಂದು ಬಗೆದ ಈ ವಾದವನ್ನು ಆಸ್ಟ್ರೇಲಿಯಾದ ಹೈಕೋರ್ಟ್ 1992ರ ಜೂನ್ 3ರಂದು ತಳ್ಳಿಹಾಕಿತು. ದಾವೆ ಹೂಡಿದವರಲ್ಲಿ ಪ್ರಮುಖರಾದ ಎಡ್ಡಿ ಮಾಬೊ ತೀರ್ಪು ಕೇಳಲು ಬದುಕಿರಲಿಲ್ಲ. ಅದೇ ಜನವರಿಯಲ್ಲಿ ತೀರಿಕೊಂಡಿದ್ದರು.

'ರೇನ್‌ಬೋ ಸರ್ಪೆಂಟ್' ಹಲವು ಪ್ರದೇಶಗಳ ಕಥೆಗಳಲ್ಲಿ ನೀರಿನೊಂದಿಗೆ, ಸೃಷ್ಟಿಯೊಂದಿಗೆ ಸೇರಿಬರುವ ಮಹಾಸರ್ಪ. ನಾಗಬನಗಳ ನಡುವೆ ಬೆಳೆದ ನಮಗೆ ಇದು ತಟ್ಟನೆ ಪರಿಚಿತವೆನಿಸಬಹುದು. ಆದರೆ ಎರಡನ್ನೂ ಒಂದೇ ಎನ್ನುವ ಆತುರ ಬೇಡ.

ನಮ್ಮ ಧ್ಯಾನಕೂಟಗಳಿಗೆ ಹೆಚ್ಚು ಹತ್ತಿರವಾದ ಪದ 'ದಾದಿರ್ರಿ'. ಉತ್ತರ ಪ್ರಾಂತ್ಯದ ಡೇಲಿ ನದಿ ದಂಡೆಯ ಜನರ ಭಾಷೆಯಲ್ಲಿ ಇದರರ್ಥ, ಒಳಗಿನ ಮೌನದಲ್ಲಿ ಆಳವಾಗಿ ಆಲಿಸುವುದು, ಅವಸರಪಡದೆ ಕಾಯುವುದು. ಕಥೋಲಿಕ ಶಿಕ್ಷಕಿಯೂ ಕಲಾವಿದೆಯೂ ಆದ ಮಿರಿಯಂ-ರೋಸ್ ಉಂಗುನ್‌ಮೆರ್-ಬಾವ್‌ಮನ್ ಇದನ್ನು 1980ರ ದಶಕದಲ್ಲಿ ಹೊರಜಗತ್ತಿಗೆ ವಿವರಿಸಿದರು. 2021ರಲ್ಲಿ ಅವರಿಗೆ ಆ ದೇಶದ ವರ್ಷದ ಹಿರಿಯ ನಾಗರಿಕ ಗೌರವ ದೊರೆಯಿತು. ದಾದಿರ್ರಿಯನ್ನು ಹತ್ತು ನಿಮಿಷದ ಧ್ಯಾನತಂತ್ರವಾಗಿ ಬಳಸುವವರೂ ಇದ್ದಾರೆ. ಅವರ ವಿವರಣೆಯಲ್ಲಿ ಅದು ಬದುಕುವ ರೀತಿಯೇ ಆಗಿದೆ. 1986ರ ನವೆಂಬರ್ 29ರಂದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಮೂಲನಿವಾಸಿಗಳ ಸಂಸ್ಕೃತಿಯನ್ನು ಗೌರವಿಸಿ, ಅವರ ಕೊಡುಗೆಯಿಲ್ಲದೆ ಆ ದೇಶದ ಧರ್ಮಸಭೆ ಪೂರ್ಣವಾಗದೆಂಬ ಅರ್ಥದಲ್ಲಿ ಮಾತನಾಡಿದ್ದರು.

'ಸ್ಟೋಲನ್ ಜನರೇಶನ್ಸ್' ಎಂದರೆ ಸರಕಾರದ ನೀತಿಯಂತೆ ಹೆತ್ತವರಿಂದ ಕಿತ್ತು ಬೇರೆಡೆ ಬೆಳೆಸಲಾದ ಮಕ್ಕಳು. 1970ರ ಸುಮಾರಿನವರೆಗೂ ಇದು ನಡೆಯಿತು. ಹೀಗೆ ಒಯ್ದ ಮಕ್ಕಳಲ್ಲಿ ಅನೇಕರನ್ನು ಇರಿಸಿದ್ದು ಚರ್ಚುಗಳು ನಡೆಸುತ್ತಿದ್ದ ಮಿಶನ್ ಮನೆಗಳಲ್ಲೇ ಎಂಬುದನ್ನು ಮರೆಮಾಚುವಂತಿಲ್ಲ. 1997ರಲ್ಲಿ ತನಿಖಾ ವರದಿ ಬಂತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೋರಿದರು.

'ಸಾರಿ ಬಿಸಿನೆಸ್' ಎಂಬುದಕ್ಕೆ ವ್ಯಾಪಾರದ ಸಂಬಂಧವಿಲ್ಲ. ಮರಣದ ನಂತರದ ಶೋಕಾಚರಣೆ ಅದು. ಹಲವು ಸಮುದಾಯಗಳಲ್ಲಿ ತೀರಿಹೋದವರ ಹೆಸರನ್ನು ಕೆಲಕಾಲ ಉಚ್ಚರಿಸುವುದಿಲ್ಲ, ಚಿತ್ರ ತೋರಿಸುವುದಿಲ್ಲ. ಮಧ್ಯ ಆಸ್ಟ್ರೇಲಿಯಾದಲ್ಲಿ ಅಂಥವರನ್ನು 'ಕುಮಂಜಯಿ' ಎಂಬ ಬದಲಿ ಹೆಸರಿನಿಂದ ಕರೆಯುವ ರೂಢಿಯಿದೆ. ಅಲ್ಲಿನ ಟಿವಿ ಕಾರ್ಯಕ್ರಮಗಳ ಮೊದಲು ಈ ಕುರಿತು ಎಚ್ಚರಿಕೆ ಬರುವುದು ಇದೇ ಕಾರಣಕ್ಕೆ. ಮಡಿದವರ ಫೋಟೋ ಪತ್ರಿಕೆಯಲ್ಲಿ ಹಾಕಿ ಶ್ರದ್ಧಾಂಜಲಿ ಸಲ್ಲಿಸುವ ನಮ್ಮ ಪದ್ಧತಿ ಅಲ್ಲಿ ನೋವುಂಟುಮಾಡಬಹುದು. ಆದುದರಿಂದ ಮೂಲನಿವಾಸಿ ಬಾಂಧವರ ಚಿತ್ರ ಪ್ರಕಟಿಸುವ ಮುನ್ನ ಕುಟುಂಬದವರನ್ನು ಕೇಳಿಕೊಳ್ಳಬೇಕು.