‘ಕೆಲವರ ಬಲಹೀನತೆಯ ನಿಮಿತ್ತ’

ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಸಭೆಯ ಕೇಪ್ ಸಿನೋಡಿನ ಮುಂದೆ 1829ರಲ್ಲಿ ಒಂದು ಪ್ರಶ್ನೆ ಬಂದಿತು: ಬಿಳಿಯರಲ್ಲದ ವಿಶ್ವಾಸಿಗಳು ಬಿಳಿಯರೊಡನೆ ಒಂದೇ ಮೇಜಿನಲ್ಲಿ ಕರ್ತನ ಭೋಜನದಲ್ಲಿ ಪಾಲುಹೊಂದಬಹುದೇ? ಸಿನೋಡು ಸಂದೇಹಕ್ಕೆಡೆಯಿಲ್ಲದಂತೆ ಉತ್ತರಿಸಿತು. ವರ್ಣ, ಮೂಲಗಳ ಭೇದವೆಣಿಸದೆ ಎಲ್ಲರಿಗೂ ಏಕಕಾಲದಲ್ಲಿ ಸಂಸ್ಕಾರವನ್ನು ನೀಡತಕ್ಕದ್ದು. ಇದು ದೇವರ ವಾಕ್ಯದ ಮೇಲೆ ನಿಂತ ಕದಲದ ತತ್ತ್ವ.

ಸ್ಟಾಕೆನ್‌ಸ್ಟ್ರಾಮ್ ಪ್ರದೇಶದ ಬಿಳಿಯ ವಿಶ್ವಾಸಿಗಳು 1855ರಲ್ಲಿ ತಮಗೆ ಪ್ರತ್ಯೇಕ ಮೇಜು ಬೇಕೆಂದರು. 1857ರ ಸಿನೋಡು ಹಳೆಯ ತತ್ತ್ವವನ್ನು ಅಲ್ಲಗಳೆಯಲಿಲ್ಲ. ಎಲ್ಲರೂ ಒಂದೇ ಸಭೆಯಲ್ಲಿ ಕೂಡುವುದೇ ಅಪೇಕ್ಷಣೀಯ, ಅದೇ ಶಾಸ್ತ್ರಾನುಸಾರ ಎಂದು ಒಪ್ಪಿತು. ಆದರೆ ‘ಕೆಲವರ ಬಲಹೀನತೆಯ ನಿಮಿತ್ತ’ ಇದು ಸುವಾರ್ತಾಕಾರ್ಯಕ್ಕೆ ಅಡ್ಡಿಯಾಗುವಲ್ಲಿ ಅನ್ಯರಿಂದ ಬಂದ ವಿಶ್ವಾಸಿಗಳು ಬೇರೆ ಕಟ್ಟಡದಲ್ಲಿ ಆರಾಧಿಸಬಹುದೆಂದು ಸೇರಿಸಿತು.

‘ಬಲಹೀನತೆ’ ಎಂಬ ಈ ಪದವು ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯವನ್ನು ನೆನಪಿಗೆ ತರುತ್ತದೆ. (ಅದನ್ನು ನಾವು ತರಗತಿಗಳಲ್ಲಿ ಆಹಾರದ ಪ್ರಶ್ನೆಯೆಂದು ಬೋಧಿಸಿ ಮುಗಿಸಿಬಿಡುತ್ತೇವೆ.) ಅಲ್ಲಿ ಪೌಲನು ಬಲವುಳ್ಳವನಿಗೆ ಹೇಳುವುದೇನು? ಸಹೋದರನಿಗೋಸ್ಕರ ನಿನ್ನ ತಿನಿಸನ್ನು ನೀನು ಬಿಡು ಎಂದು. ಇನ್ನೊಬ್ಬನನ್ನು ಮೇಜಿನಿಂದ ಎಬ್ಬಿಸು ಎಂದಲ್ಲ. ಕೇಪ್‌ನಲ್ಲಿ ಬಲಹೀನರೆನಿಸಿಕೊಂಡವರು ಭೂಮಿಯೂ ಅಧಿಕಾರವೂ ಉಳ್ಳವರು; ಸ್ಥಳ ಬಿಟ್ಟುಕೊಡಬೇಕಾದವರು ಮಾತ್ರ ಬೇರೆಯವರು. ಪೂರ್ವಗ್ರಹವು ಹೀಗೆ ನಡವಳಿಯಲ್ಲಿ ಪಾಪವೆಂದು ದಾಖಲಾಗದೆ, ಪಾಲನೆಗೆ ಯೋಗ್ಯವಾದ ದೌರ್ಬಲ್ಯವೆಂದು ದಾಖಲಾಯಿತು. ಕರುಣೆಯೆಂದು ಬರೆದಿಟ್ಟದ್ದಕ್ಕಾಗಿ ಮಾನಸಾಂತರಪಡುವವರಾರು? ಮುಂದಿನ ಸಂಭಾಷಣೆಗಳೆಲ್ಲ ತಡವರಿಸಿದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ವಿನಾಯಿತಿ ಬೆಳೆಯಿತು. 1881ರಲ್ಲಿ ಮಿಶ್ರವರ್ಣೀಯರಿಗೆ ಪ್ರತ್ಯೇಕ ಮಿಷನ್ ಸಭೆ ಸ್ಥಾಪನೆಯಾಯಿತು. 1974ರ ಹೊತ್ತಿಗೆ ಬಿಳಿಯರ ಸಭೆಯ ಅಧಿಕೃತ ವರದಿಯೊಂದು ಬಾಬೆಲಿನ ವೃತ್ತಾಂತದಲ್ಲಿಯೂ ಅಪೊಸ್ತಲರ ಕೃತ್ಯಗಳಲ್ಲಿಯೂ ಪ್ರತ್ಯೇಕತೆಗೆ ಆಧಾರ ಹುಡುಕಿತು. 1857ರವರಿಗೆ ಇಂಥ ಆಧಾರ ಬೇಕಾಗಿರಲಿಲ್ಲ.

ಮಾತಾಡಿದವರು ಇದ್ದರು. ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಮಂದಿ ಬಲಿಯಾದ ವರ್ಷ, 1960ರ ಡಿಸೆಂಬರಿನಲ್ಲಿ, ಕಾಟೆಸ್ಲೋ ಸಮಾಲೋಚನೆಯು ವರ್ಣದ ಕಾರಣ ಯಾರನ್ನೂ ಯಾವ ಸಭೆಯಿಂದಲೂ ಹೊರಗಿಡಲಾಗದೆಂದಿತು. ಕೇಪ್ ಮತ್ತು ಟ್ರಾನ್ಸ್‌ವಾಲ್ ಸಭೆಗಳ ಪ್ರತಿನಿಧಿಗಳೂ ಸಮ್ಮತಿಸಿದ್ದರು. ಪ್ರಧಾನಿ ವೆರ್ವುರ್ಡ್ ಅಸಮಾಧಾನ ತೋರಿದರು. ಸಿನೋಡುಗಳು ತಮ್ಮ ಪ್ರತಿನಿಧಿಗಳನ್ನೇ ಕೈಬಿಟ್ಟು ಸಭೆಗಳ ಜಾಗತಿಕ ಪರಿಷತ್ತನ್ನು ತೊರೆದವು. ಹಿಂಜರಿಯದ ಬೇಯರ್ಸ್ ನೌಡೆ 1963ರಲ್ಲಿ ಸಭಾಪಾಲಕತ್ವವನ್ನು ಬಿಡಬೇಕಾಯಿತು.

ಇದು ದೌರ್ಬಲ್ಯವಲ್ಲ, ಸುವಾರ್ತೆಯ ನಿರಾಕರಣೆ ಎಂಬ ನುಡಿಯು ಹೊರಗಿಡಲ್ಪಟ್ಟವರಿಂದಲೇ ಬಂದಿತು. ಮಿಷನ್ ಸಭೆಯು 1982ರಲ್ಲಿ ಬೆಲ್ಹಾರ್ ವಿಶ್ವಾಸದ ಅರಿಕೆಯ ಕರಡನ್ನು ಒಪ್ಪಿ, 1986ರಲ್ಲಿ ಅದನ್ನು ಅಂಗೀಕರಿಸಿತು. 1994ರಲ್ಲಿ ಅದು ಕಪ್ಪು ಆಫ್ರಿಕನ್ನರ ರಿಫಾರ್ಮ್ಡ್ ಸಭೆಯೊಡನೆ ಒಂದಾಯಿತು. ಬಿಳಿಯರ ಸಭೆ ಆ ಐಕ್ಯಕ್ಕೆ ಸೇರಲಿಲ್ಲ. ದೇವರು ವಿಶೇಷವಾಗಿ ದರಿದ್ರರ, ಅನ್ಯಾಯಕ್ಕೊಳಗಾದವರ ದೇವರು ಎಂಬ ಬೆಲ್ಹಾರಿನ ಮಾತು ಅಲ್ಲಿ ಅನೇಕರಿಗೆ ಒಪ್ಪಿಗೆಯಾಗಲಿಲ್ಲ.