ಹಾಡಿಸುವವರ ಸರದಿ: ಕೊಪ್ಪಳ ಸೀಮೆಯ ಕಥೋಲಿಕ ಚರ್ಚುಗಳಲ್ಲಿ ಸಂಗೀತದ ಹೊಣೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಒಂದು ಜಿಲ್ಲೆಯಾದವು. ಇಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಕಥೋಲಿಕರು ಅದರಲ್ಲಿ ಒಂದು ಪಾಲು. ಅವರ ಧರ್ಮಕೇಂದ್ರಗಳು 1949ರಲ್ಲಿ ರೂಪುಗೊಂಡ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿವೆ. ಇಂಥ ಕಡೆ ಚರ್ಚಿನ ‘ಸಂಗೀತ ನಿರ್ದೇಶಕ’ ಯಾರೆಂದು ಕೇಳಿದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಭಾನುವಾರ ಹಾಡು ಎತ್ತುವವರು ಯಾರೆಂದು ಕೇಳಿದರೆ ಕೂಡಲೇ ಬೆರಳು ತೋರಿಸುತ್ತಾರೆ. ಒಂದೂರಿನಲ್ಲಿ ಅದು ಸಿಸ್ಟರ್, ಇನ್ನೊಂದೂರಿನಲ್ಲಿ ಶಾಲೆಯ ಮೇಷ್ಟ್ರು, ಮತ್ತೊಂದು ಕಡೆ ಕೀಬೋರ್ಡ್ ನುಡಿಸುವ ಪಿಯುಸಿ ಹುಡುಗ. ಈ ಹೊಣೆ ಕೈಯಿಂದ ಕೈಗೆ ದಾಟಿ ಬಂದ ಬಗೆಯನ್ನು ನೋಡಿದರೆ, ಈ ಸೀಮೆಯ ಚರ್ಚಿನ ಹಾಡು ಯಾಕೆ ಹೀಗಿದೆ ಎಂಬುದು ತಿಳಿಯುತ್ತದೆ.

ಹಳೆಯ ಎಳೆ ಸಿಗುವುದು ಕುಷ್ಟಗಿಯ ಗಡಿ ದಾಟಿದ ಮೇಲೆ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ. ಗೋವೆಯಿಂದ ಬಂದ ಮಿಷನರಿಗಳು ಕಟ್ಟಿದ ಅಲ್ಲಿಯ ಕಥೋಲಿಕ ಸಮುದಾಯ 1557ರಷ್ಟು ಹಿಂದಿನದು ಎಂಬುದು ಪರಂಪರೆಯ ಮಾತು. ಬಿಜಾಪುರದ ಅರಸರಿಂದ ಅದಕ್ಕೆ ದತ್ತಿ ಸಿಕ್ಕಿತ್ತೆಂದು ಗೆಜೆಟಿಯರ್ ಬರೆಯುತ್ತದೆ. ಆ ಕಾಲದ ಗೋವೆಯಲ್ಲಿ ಚರ್ಚಿನ ಸಂಗೀತಕ್ಕೆ ಒಂದು ಖಚಿತ ವ್ಯವಸ್ಥೆಯಿತ್ತು. ಧರ್ಮಕೇಂದ್ರದ ಶಾಲೆಯಲ್ಲಿ ‘ಮೆಸ್ತ್ರಿ’ ಎಂಬ ಸಂಗೀತದ ಮೇಷ್ಟ್ರು ಇರುತ್ತಿದ್ದ. ಮಕ್ಕಳಿಗೆ ಸ್ವರ ಓದುವುದು, ಪಿಟೀಲು ಹಿಡಿಯುವುದು, ಲ್ಯಾಟಿನ್ ಪೂಜೆಗೆ ಹಾಡುವುದು ಎಲ್ಲವನ್ನೂ ಅವನೇ ಕಲಿಸುತ್ತಿದ್ದ. ಆ ಶಾಲೆಗಳಲ್ಲಿ ಕಲಿತವರು ಮುಂದೆ ಮುಂಬಯಿಯ ಸಿನಿಮಾ ವಾದ್ಯವೃಂದಗಳನ್ನೇ ತುಂಬಿದರು. ಹಿಂದಿ ಸಿನಿಮಾದ ಸಂಗೀತ ನಿರ್ದೇಶಕ ಪ್ಯಾರೆಲಾಲ್ ಅವರಿಗೆ ಪಿಟೀಲು ಕಲಿಸಿದ ಆಂಥನಿ ಗೊನ್ಸಾಲ್ವಿಸ್ ಆ ನೆಲದವರೇ. 1977ರ ಹಿಂದಿ ಚಿತ್ರವೊಂದರ ಹಾಡಿನಲ್ಲಿ ಅವರ ಹೆಸರು ದೇಶವೆಲ್ಲ ಕುಣಿಯಿತು. ಆದರೆ ಮೆಸ್ತ್ರಿಯ ಪದ್ಧತಿ ಘಟ್ಟ ಹತ್ತಿ ಈ ಬಯಲುಸೀಮೆಗೆ ಬರಲಿಲ್ಲ. ಇಲ್ಲಿ ಬಂದದ್ದು ಉಪದೇಶಿ.

ಪಾದ್ರಿ ಗುರುಗಳು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬರುವ ಹಳ್ಳಿಯಲ್ಲಿ ಜನರನ್ನು ಕೂಡಿಸಿ ಪ್ರಾರ್ಥನೆ ಹೇಳಿಸುವವನು, ಮಕ್ಕಳಿಗೆ ಧರ್ಮೋಪದೇಶ ಮಾಡುವವನು, ಸತ್ತವರ ಮನೆಗೆ ಮೊದಲು ಹೋಗುವವನು ಅವನು. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದುದರಿಂದ ಕನ್ನಡದ ಹಾಡಿಗೆ ಜಾಗವಿದ್ದದ್ದು ಹೆಚ್ಚಾಗಿ ಪೂಜೆಯ ಹೊರಗೆ: ಜಪಸರ, ಶಿಲುಬೆ ಹಾದಿ, ಹಬ್ಬದ ಮೆರವಣಿಗೆ, ಕ್ರಿಸ್ಮಸ್ಸಿನ ಗೋದಲಿಯ ಮುಂದಿನ ಪದಗಳು. ಉಪದೇಶಿ ಒಂದು ಸಾಲು ಹೇಳುವುದು, ಜನ ಅದನ್ನೇ ತಿರುಗಿ ಹೇಳುವುದು. ಓದು ಬಾರದ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಕ್ರಮ ಇನ್ನೊಂದಿಲ್ಲ. ಭಜನೆಯಲ್ಲಿ, ಮುದಗಲ್ಲಿನ ಮೊಹರಂನ ರಿವಾಯತ್ ಪದಗಳಲ್ಲಿ ಮೇಳ ಸಾಲು ಹಿಡಿಯುವುದು ಅದಾಗಲೇ ಎಲ್ಲ ಜಾತಿಯ ಕಿವಿಗೂ ಒಗ್ಗಿತ್ತು.

ಪಕ್ಕದಲ್ಲೇ ಪ್ರೊಟೆಸ್ಟಂಟರ ದಾರಿ ಬೇರೆಯಿತ್ತು. ಧಾರವಾಡ, ಹುಬ್ಬಳ್ಳಿ, ಗದಗದ ಬೆಟಗೇರಿಯಲ್ಲಿ 1837ರಿಂದ 1841ರೊಳಗೆ ನೆಲೆಯೂರಿದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡ ಕೂರಿಸಿ, ಪುಸ್ತಕ ಅಚ್ಚು ಹಾಕಿ ಹಾಡಿಸಿದರು. ನಿಘಂಟಿನ ಕಿಟೆಲ್ ಮಾತ್ರ 1862ರ ‘ಕಥಾಮಾಲೆ’ಯಲ್ಲಿ ಏಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದರು. ಆ ಎಳೆ ಮುಂದೆ ಬೆಳೆದಿದ್ದರೆ ಉತ್ತರ ಕರ್ನಾಟಕದ ಚರ್ಚುಗಳ ದನಿ ಇಂದು ಬೇರೆಯೇ ಇರುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಕಥೋಲಿಕರ ಕಡೆ, ರೋಮಿನಲ್ಲಿ ಮುಂದೆ ತಲೆಬಿಸಿಯಾದ ಸಂಗತಿ ಇನ್ನೊಂದು. 1903ರ ನವೆಂಬರಿನಲ್ಲಿ ಹತ್ತನೇ ಪಯಸ್ ಪೋಪರು ಚರ್ಚಿನೊಳಗೆ ಆಪೆರಾದ ಧಾಟಿ ನುಗ್ಗಿದ್ದನ್ನು ಖಂಡಿಸಿ ಗ್ರೆಗೋರಿಯನ್ ಗಾಯನಕ್ಕೆ ಅಗ್ರಸ್ಥಾನ ಕೊಟ್ಟರು; ಪಿಯಾನೊ, ಡ್ರಮ್ಮು ಬೇಡವೆಂದರು; ಗಾಯಕವೃಂದದ್ದು ಆರಾಧನೆಯ ಅಧಿಕೃತ ಸೇವೆಯಾದ್ದರಿಂದ ಹೆಂಗಸರಿಗೆ ಅದರಲ್ಲಿ ಜಾಗವಿಲ್ಲವೆಂದರು. 1955ರ ಹೊತ್ತಿಗೆ ಈ ಕೊನೆಯ ಮಾತು ಸಡಿಲಾಯಿತು. ಇಂದು ಈ ಕಡೆಯ ಯಾವ ಚರ್ಚಿನ ಗಾಯಕವೃಂದವನ್ನು ನೋಡಿದರೂ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ.

ದೊಡ್ಡ ತಿರುವು ಎರಡನೇ ವ್ಯಾಟಿಕನ್ ಮಹಾಸಭೆಯದು. 1963ರ ಡಿಸೆಂಬರ್ 4ರಂದು ಹೊರಬಿದ್ದ ಆರಾಧನಾ ಸಂವಿಧಾನ ಜನಭಾಷೆಗೆ ಬಾಗಿಲು ತೆರೆಯಿತು. ಮಿಷನ್ ನಾಡುಗಳ ಜನರ ಸ್ವಂತ ಸಂಗೀತಕ್ಕೆ ತಕ್ಕ ಮನ್ನಣೆ ಕೊಡಬೇಕೆಂದಿತು. 1967ರ ಮಾರ್ಚಿನ ಇನ್ನೊಂದು ಆದೇಶ ಹಾಡುವುದು ಇಡೀ ಸಭೆಯ ಕೆಲಸವೆಂದು ಒತ್ತಿಹೇಳಿತು. ಅದೇ ವರ್ಷ ಬೆಂಗಳೂರಿನಲ್ಲಿ ಡಿ.ಎಸ್. ಅಮಲೋರ್ಪವದಾಸ್ ಅವರ ಮುಂದಾಳ್ತನದಲ್ಲಿ ಆರಾಧನೆಗೆ ಸಂಬಂಧಿಸಿದ ರಾಷ್ಟ್ರೀಯ ಕೇಂದ್ರವೊಂದು ಶುರುವಾಯಿತು. 1969ರಲ್ಲಿ ಆರತಿ, ಅಂಜಲಿ, ನೆಲದ ಮೇಲೆ ಕೂರುವುದು ಮೊದಲಾದ ಹನ್ನೆರಡು ಅಂಶಗಳಿಗೆ ರೋಮಿನ ಒಪ್ಪಿಗೆ ಸಿಕ್ಕಿತು. ಮುಂಬಯಿಯ ಅಂಧೇರಿಯಲ್ಲಿ ಜ್ಞಾನ ಆಶ್ರಮ ಕಟ್ಟಿದ ಪಾದ್ರಿ ಜಾರ್ಜ್ ಪ್ರೋಕ್ಷ್ ಅದಕ್ಕೂ ಮೊದಲೇ ಹಿಂದಿ ಭಜನೆಗಳಲ್ಲಿ ಕ್ರಿಸ್ತನನ್ನು ಹಾಡಿಸಿದ್ದರು. ನಮ್ಮ ಕಡೆ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಜೆಸುಯಿಟರು ವಿರಕ್ತಮಠವನ್ನೇ ಕಟ್ಟಿ, ಕಾವಿ ಉಟ್ಟು, ಮಾಂಸ ಬಿಟ್ಟು, ಲಿಂಗಾಯತ ಸೀಮೆಯ ರೂಢಿಗೆ ಹೊಂದಿಕೊಂಡರು.

ಇಷ್ಟೆಲ್ಲ ಮೇಲಿನ ಕಥೆ. ಕೆಳಗೆ ಒಂದು ಹಳ್ಳಿಯ ಚರ್ಚಿನಲ್ಲಿ ಆದದ್ದೇನೆಂದರೆ, ಒಮ್ಮೆಗೇ ಕನ್ನಡದ ಹಾಡುಗಳು ಬೇಕಾದವು: ಪ್ರವೇಶಕ್ಕೊಂದು, ಕಾಣಿಕೆಗೊಂದು, ಪರಮಪ್ರಸಾದಕ್ಕೊಂದು, ಕೊನೆಗೊಂದು, ಜೊತೆಗೆ ವಾರವಾರಕ್ಕೂ ಬದಲಾಗುವ ಕೀರ್ತನೆ. ಪುಸ್ತಕ ಬಂತು, ರಾಗ ಬರಲಿಲ್ಲ. ರಾಗ ಕೊಟ್ಟದ್ದು ಹಾರ್ಮೋನಿಯಂ.

ಆ ಪೆಟ್ಟಿಗೆ ಈ ಭಾಗದಲ್ಲಿ ಚರ್ಚಿನದ್ದಲ್ಲ, ಕಂಪನಿ ನಾಟಕದ್ದು, ಭಜನಾ ಮಂಡಳಿಯದ್ದು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಅಂಧರಿಗೂ ಬಡವರಿಗೂ ಅನ್ನವಿಟ್ಟು ಸಂಗೀತ ಕಲಿಸಿದರು. ಕೊಪ್ಪಳದಿಂದ ಗದಗಕ್ಕೆ ರೈಲಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಆಶ್ರಮದಲ್ಲಿ ಕಲಿತವರು ಊರೂರಲ್ಲಿ ಸಂಗೀತ ಮೇಷ್ಟ್ರಾದರು. ಪೆಟ್ಟಿಗೆ ಬಾರಿಸುವ ಕೈಗಳಿಗೆ ಈ ಸೀಮೆಯಲ್ಲಿ ಬರ ಇರಲಿಲ್ಲ. ಚರ್ಚಿನ ಹಾಡೂ ಅದೇ ಗಾಳಿಯಲ್ಲಿ ಬೆಳೆಯಿತು: ಪಲ್ಲ ಚಿಕ್ಕದು, ನುಡಿ ಹಾಡುವವರದು, ಪಲ್ಲಕ್ಕೆ ಬಂದಾಗ ಎಲ್ಲರೂ. ಗಂಗಾವತಿ ಕಡೆ ಇನ್ನೊಂದು ದನಿ ಸೇರಿತು. 1953ರಲ್ಲಿ ತುಂಗಭದ್ರೆಯ ನೀರು ಹರಿದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಕ್ಯಾಂಪುಗಳು ಎದ್ದವು. ಅಲ್ಲಿ ತೆಲುಗು ಹಾಡಿನ ಧಾಟಿಯೂ ಕನ್ನಡದ ಪಕ್ಕಕ್ಕೇ ಕೂತಿತು.

ಹಾಡಿಸುವವರ ಜಾಣ್ಮೆ ಕಾಣುವುದು ಶ್ರುತಿ ಹಿಡಿಯುವಲ್ಲಿ. ಗಂಡಸರಿಗೆ ಕಪ್ಪು ಒಂದು ಸರಿಹೋದರೆ ಹೆಂಗಸರಿಗೆ ಅದು ಹೊಟ್ಟೆಯೊಳಗಿನ ದನಿ. ಹೆಂಗಸರಿಗೆ ಹಿತವಾದ ಕಪ್ಪು ನಾಲ್ಕಕ್ಕೆ ಇಟ್ಟರೆ ಗಂಡಸರು ಎರಡನೇ ಸಾಲಿಗೇ ಬಾಯಿ ಮುಚ್ಚುತ್ತಾರೆ. ಸಭೆಯ ಹಾಡು ಮಧ್ಯ ಷಡ್ಜದಿಂದ ಮೇಲಿನ ಷಡ್ಜದವರೆಗೆ, ಹೆಚ್ಚೆಂದರೆ ಅದರ ಮೇಲೆ ಒಂದೆರಡು ಸ್ವರ. ತಾರ ಪಂಚಮಕ್ಕೆ ಏರುವ ಹಾಡನ್ನು ಆರಿಸಿದರೆ ಅದು ವೃಂದದ ಕಛೇರಿಯಾಯಿತು, ಜನ ಕೇಳುಗರಾದರು. ಕಾಣಿಕೆ ಗೀತೆಯ ಉದ್ದವನ್ನು ಪುಸ್ತಕ ನಿರ್ಧರಿಸುವುದಿಲ್ಲ, ಸಾಲಿನಲ್ಲಿ ಬರುವ ಜನ ನಿರ್ಧರಿಸುತ್ತಾರೆ. ಕಣ್ಣು ಪೀಠದ ಮೇಲಿಟ್ಟು, ಗುರುಗಳು ಕೈ ತೊಳೆಯುತ್ತಿದ್ದಂತೆ ಹಾಡನ್ನು ಪಲ್ಲಕ್ಕೆ ತಂದು ನಿಲ್ಲಿಸಬಲ್ಲವರೇ ಬಲ್ಲವರು.

ಪಾಸ್ಖ ಹಬ್ಬಕ್ಕೆ (ಈಸ್ಟರ್) ಮುಂಚಿನ ತಪಸ್ಸು ಕಾಲದಲ್ಲಿ ಈ ಬಲ್ಲತನ ಒರೆಗೆ ಬೀಳುತ್ತದೆ. ಮಹಿಮಾ ಗೀತೆ ಇಲ್ಲ, ಅಲ್ಲೆಲೂಯ ಇಲ್ಲ. ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು, ತನ್ನಷ್ಟಕ್ಕೆ ನುಡಿಯಬಾರದು. ಪವಿತ್ರ ಗುರುವಾರ ಮಹಿಮಾ ಗೀತೆಗೆ ಗಂಟೆಗಳು ಮೊಳಗಿ ನಿಂತರೆ ಮತ್ತೆ ಬಾರಿಸುವುದು ಪಾಸ್ಖ ಜಾಗರಣೆಯ ರಾತ್ರಿ. ಆ ಜಾಗರಣೆಗೆ ಹಳೆಯ ಒಡಂಬಡಿಕೆಯಿಂದ ಏಳು ವಾಚನ, ಒಂದೊಂದಕ್ಕೂ ಒಂದು ಕೀರ್ತನೆ. ಅಗತ್ಯವಿದ್ದಲ್ಲಿ ಇಳಿಸಬಹುದು, ಆದರೆ ಮೂರಕ್ಕೆ ಕಡಿಮೆ ಮಾಡುವಂತಿಲ್ಲ. ಮೋಶೆ ಸಮುದ್ರ ದಾಟಿಸಿದ್ದನ್ನು ಬಿಡುವಂತೆಯೇ ಇಲ್ಲ. ಹಾಡಲು ಜನ ಬೇಕು. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಗಳು ಗುಳೆ ಹೊರಡುತ್ತವೆ, ಬೆಂಗಳೂರಿಗೆ, ಮಂಗಳೂರಿಗೆ, ಗೋವೆಗೆ. ವರ್ಷದ ಅತಿ ಕಷ್ಟದ ಸಂಗೀತ ಬರುವುದು ಗಟ್ಟಿ ಕಂಠಗಳು ಊರಲ್ಲಿಲ್ಲದ ಹೊತ್ತಿಗೆ.

ಈಚಿನ ಅಧ್ಯಾಯ ಕೀಬೋರ್ಡಿನದು. ಟ್ರಾನ್ಸ್‌ಪೋಸ್ ಗುಂಡಿ ಒತ್ತಿದರೆ ಯಾವ ಶ್ರುತಿಯೂ ಸಿಗುತ್ತದೆ, ತಾಳ ತಾನೇ ಬಾರಿಸಿಕೊಳ್ಳುತ್ತದೆ. ಹುಡುಗರನ್ನು ಚರ್ಚಿಗೆ ಎಳೆದು ತಂದದ್ದು ಅದರ ಹಿರಿಮೆ. ಇದನ್ನು ಹಳಿಯುವ ಹಿರಿಯರ ಮಾತಿಗೆ ನಾನು ಪೂರ್ತಿ ತಲೆದೂಗಲಾರೆ. ಆದರೆ ಯಂತ್ರದ ತಾಳ ಮುದುಕಿಯ ಉಸಿರಿಗೆ ಕಾಯುವುದಿಲ್ಲ. ಅದರ ಮುಂದಿನ ಹೆಜ್ಜೆ ಪೆನ್‌ಡ್ರೈವಿನ ಟ್ರ್ಯಾಕ್. ಆರಾಧನೆಯಲ್ಲಿ ಧ್ವನಿಮುದ್ರಿತ ಸಂಗೀತ ಕೂಡದೆಂದು ರೋಮ್ 1958ರಲ್ಲೇ ಹೇಳಿತ್ತು. ಆಪೆರಾದ ಧಾಟಿಗೆ 1903ರಲ್ಲಿ ಎದ್ದ ತಕರಾರು ಇಲ್ಲಿ ಸಿನಿಮಾ ಧಾಟಿಯ ಬಗ್ಗೆ ಏಳುತ್ತದೆ. ಆಗಲೂ ಈಗಲೂ ತಪ್ಪು ರಾಗದ್ದಲ್ಲ. ಕೇಳಿದವರಿಗೆ ನೆನಪಾಗುವುದು ಹಾಡಿನ ಮಾತೋ ನಾಯಕನಟನ ಕುಣಿತವೋ ಎಂಬುದಷ್ಟೇ ಪ್ರಶ್ನೆ.

ಪೂಜೆಯ ಈಗಿನ ನಿಯಮಾವಳಿ ಜನರ ಹಾಡಿಗೆ ದಾರಿ ತೋರಲು ಒಬ್ಬ ಗಾಯಕನೋ ನಿರ್ದೇಶಕನೋ ಇರುವುದು ಯುಕ್ತ ಎನ್ನುತ್ತದೆ. ಚರ್ಚ್ ಸಂಗೀತದ ಹೆಸರಾಂತ ರಚನಕಾರ ಪಾಲೆಸ್ಟ್ರೀನಾ 1551ರಲ್ಲಿ ರೋಮಿನಲ್ಲಿ ಹಿಡಿದದ್ದು ಸಂಬಳದ ಕೆಲಸ. ಯುರೋಪು, ಅಮೆರಿಕದ ದೊಡ್ಡ ಧರ್ಮಕೇಂದ್ರಗಳಲ್ಲಿ ಇಂದಿಗೂ ಹಾಗೆಯೇ. ಇಲ್ಲಿ ಸಾಮಾನ್ಯವಾಗಿ ಅದು ಸೇವೆ. ಸಿಸ್ಟರಿಗೆ ವರ್ಗವಾದರೆ, ಹುಡುಗ ಇಂಜಿನಿಯರಿಂಗ್ ಸೀಟು ಸಿಕ್ಕಿ ಹೋದರೆ, ಮತ್ತೆ ಒಂದರಿಂದ ಶುರು. ಅವರು ಕಟ್ಟಿದ ಕೀರ್ತನೆಯ ರಾಗಗಳು ಅವರ ನೋಟ್‌ಬುಕ್ಕಿನ ಜೊತೆಗೇ ಊರು ಬಿಡುತ್ತವೆ. ವಾಚನಗಳ ಚಕ್ರ ಮೂರು ವರ್ಷದ್ದು. ಒಬ್ಬರು ಮೂರು ವರ್ಷ ನಿಂತರೆ ಎಲ್ಲ ಭಾನುವಾರಗಳ ಕೀರ್ತನೆಯೂ ಒಂದು ಸುತ್ತು ಕೈಗೆ ಬರುತ್ತದೆ, ಸರಿಗಮದಲ್ಲಿ ಬರೆದಿಟ್ಟರೆ ಮುಂದಿನವರಿಗೂ ಆಗುತ್ತದೆ. ಹೊಸ ಸ್ಪೀಕರಿಗೆ ಚಂದಾ ಎತ್ತುವ ಧರ್ಮಕೇಂದ್ರಗಳು ಅದರ ಒಂದಂಶವನ್ನು ಹಾಡಿಸುವವರ ಬಸ್ ಚಾರ್ಜಿಗೂ ಗದಗದಲ್ಲೋ ಕೊಪ್ಪಳದಲ್ಲೋ ಅವರು ಪೆಟ್ಟಿಗೆ ಕಲಿಯುವ ಫೀಸಿಗೂ ತೆಗೆದಿಡಬಹುದು. ಮೂರು ವರ್ಷಕ್ಕೆ ಆಗುವ ಖರ್ಚು ಒಂದು ಮಧ್ಯಮ ದರ್ಜೆಯ ಕೀಬೋರ್ಡಿನ ಬೆಲೆಗಿಂತ ಬಹಳ ಹೆಚ್ಚೇನಾಗದು.